ಅಪ್ಪನ ಬಾಯಲ್ಲಿ ನನ್ನ ತೊದಲು

ನಮ್ಮ ಬಚ್ಚಲಿನ ಕನ್ನಡಿಗೆ ಸದಾ ಒಂದು ಮೀಸೆ ಅಂಟಿಕೊಂಡಿರುತ್ತಿತ್ತು. ಬೆಳಿಗ್ಗೆ ಹಲ್ಲುಜ್ಜಲು ಹೋದರೆ ನನ್ನ ಮುಖದ ಪ್ರತಿಬಿಂಬದ ಮೇಲೆ, ಸರಿಯಾಗಿ ತುಟಿಯ ಹತ್ತಿರ, ಆ ಕರಿಯ ಕೂದಲಿನ ತುಂಡು ಕಾಣುತ್ತಿತ್ತು. ಅದು ಅಪ್ಪನ ಮೀಸೆ. ಅವನ ಮುಖದಲ್ಲಿ ಬೆಳೆದದ್ದಲ್ಲ, ಅಂಟು ಸವರಿ ಹಚ್ಚಿಕೊಳ್ಳುವುದು. ಸಿನಿಮಾದವರು ಕೊಡುವ ಮೀಸೆಯನ್ನು ಹತ್ತು ಜನ ಹಚ್ಚಿಕೊಂಡಿರುತ್ತಾರೆ, ಕಂಡವರ ಬೆವರು ನನಗೆ ಬೇಡ ಎಂದು ಅಪ್ಪ ತನ್ನದೇ ನಾಲ್ಕು ಮೀಸೆ, ಎರಡು ಗಡ್ಡ, ಒಂದು ಬೋಳುತಲೆ ಇಟ್ಟುಕೊಂಡಿದ್ದ. ಕಂಡವರ ಬೆವರು ಅವನಿಗೆ ಬೇಡ, ಅವನ ಬೆವರು ಮಾತ್ರ ನಮ್ಮ ಬಚ್ಚಲಿನಲ್ಲಿ ಒಣಗಬೇಕು. ಅಮ್ಮ ಆ ಮೀಸೆಯನ್ನು ಯಾವತ್ತೂ ಬರಿಗೈಯಲ್ಲಿ ಮುಟ್ಟಿದವಳಲ್ಲ. ಅವಳು ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿದ್ದ ಸರಕಾರಿ ಆಸ್ಪತ್ರೆಯಲ್ಲಿ ನರ್ಸ್. ಹಳೆಯದಾಗಿ ತುಕ್ಕು ಹಿಡಿದ ಇಕ್ಕಳವೊಂದನ್ನು ಮನೆಗೆ ತಂದಿಟ್ಟುಕೊಂಡಿದ್ದಳು, ಅದರಲ್ಲಿ ಮೀಸೆಯನ್ನು ಕಿತ್ತು ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದಳು. ಗಾಯದ ಹುಳ ತೆಗೆಯುವಾಗಲೂ ಅವಳ ಮುಖ ಇಷ್ಟು ಕಿವಿಚಿಕೊಳ್ಳುತ್ತಿರಲಿಲ್ಲ.

ಆಸ್ಪತ್ರೆಯ ಹಿಂದಿನ ಎರಡು ಕೋಣೆಯ ಕ್ವಾರ್ಟರ್ಸು ನಮ್ಮ ಮನೆ. ಮುಂದಿನ ಕೋಣೆಗೆ ಫಿನಾಯಿಲಿನ ವಾಸನೆ, ಹಿಂದಿನದಕ್ಕೆ ಅಪ್ಪನ ಬಣ್ಣದ ವಾಸನೆ. ಅಪ್ಪ ಮೊದಲು ಸಂಸೆಯ ಹತ್ತಿರದ ಒಂದು ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುವ ರೈಟರ್ ಆಗಿದ್ದ. ಕುದುರೆಮುಖದ ಹುಲ್ಲುಗುಡ್ಡದ ಮೇಲೆ ಹಾಡು ತೆಗೆಯಲು ಬಂದ ಸಿನಿಮಾದವರಿಗೆ ಎಸ್ಟೇಟಿನ ಜೀಪು ಬೇಕಾಗಿ, ಜೀಪಿನ ಜೊತೆ ಅಪ್ಪನೂ ಹೋಗಿ, ಬರಬೇಕಾದ ನಟ ಬಾರದೆ ಇವನನ್ನೇ ನಿಲ್ಲಿಸಿ "ಸಾರ್, ಲಾರಿ ಬಂತು" ಎಂದು ಹೇಳಿಸಿದರಂತೆ. ಆ ಮೂರು ಮಾತು ನಮ್ಮ ಮನೆಯನ್ನು ಕೆಡಿಸಿತು. ಅಲ್ಲಿಂದ ಮುಂದೆ ಅವನು ಎಷ್ಟು ಸಿನಿಮಾ, ಎಷ್ಟು ಧಾರಾವಾಹಿ ಮಾಡಿದ ಎನ್ನುವುದು ಅವನಿಗೇ ಗೊತ್ತಿರಲಿಲ್ಲ. ಪೂಜಾರಿ, ಪೋಸ್ಟ್‌ಮ್ಯಾನ್, ಕುಡುಕ, ಮದುವೆ ದಲ್ಲಾಳಿ, ಹೆಣ್ಣಿನ ತಂದೆ, ನಾಯಕನ ಸೋದರಮಾವ, ಕನ್ನಡಕ ತೆಗೆದು ತಲೆ ಅಲ್ಲಾಡಿಸುವ ಡಾಕ್ಟರು. ಹೆಣವಾಗಿ ಮಲಗಿದ್ದು ಏಳೆಂಟು ಸಲವಾದರೂ ಇರಬೇಕು. ಹೀಗಿದ್ದೂ ಬಸ್ಸಿನಲ್ಲಿ ಅವನನ್ನು ಯಾರೂ ಗುರುತು ಹಿಡಿಯುತ್ತಿರಲಿಲ್ಲ. ಎಲ್ಲೋ ನೋಡಿದ ಹಾಗಿದೆ ಎನ್ನುವವರು ಕೂಡ ಕೊನೆಗೆ "ಎಸ್ಟೇಟ್ ರೈಟ್ರಲ್ವಾ" ಎಂದು ಕೇಳುತ್ತಿದ್ದರು. ಅದು ಅವನನ್ನು ಒಳಗೊಳಗೇ ತಿನ್ನುತ್ತಿತ್ತು. ಈಗ ನನಗದು ಅರ್ಥವಾಗುತ್ತದೆ, ಅರ್ಥವಾದ ಮಾತ್ರಕ್ಕೆ ಕ್ಷಮೆ ಹುಟ್ಟುವುದಿಲ್ಲ.

ತಿಂಗಳಲ್ಲಿ ಹತ್ತು ದಿನ ಅಪ್ಪ ಮನೆಯಲ್ಲಿರುತ್ತಿದ್ದ. ಮುಂದಿನ ವಾರ ಲಕ್ವ ಹೊಡೆದ ಮುದುಕನ ಪಾತ್ರವಿದ್ದರೆ ಅಪ್ಪ ಒಂದು ಕಡೆಯ ಬಾಯಲ್ಲಿ ಉಣ್ಣುತ್ತಿದ್ದ, ಇನ್ನೊಂದು ಕಡೆಯಿಂದ ಸಾರನ್ನ ಗಲ್ಲಕ್ಕೆ ಇಳಿಯುತ್ತಿತ್ತು. ಜಿಪುಣನ ಪಾತ್ರವಿದ್ದರೆ ಬೆರಳಿನ ಸಂದಿಗಳನ್ನೆಲ್ಲ ನೆಕ್ಕುತ್ತಿದ್ದ. ಭಿಕ್ಷುಕನಾಗಲಿಕ್ಕಿದ್ದ ವಾರ ನನ್ನ ತಟ್ಟೆಯಲ್ಲಿ ಉಳಿದದ್ದಕ್ಕೆ ಕೈ ಹಾಕಿದ. ಅಮ್ಮ ತಟ್ಟೆ ಎತ್ತಿಕೊಂಡು ಹೊರಗೆ ಜಗಲಿಗೆ ಹೋಗಿ ಉಣ್ಣುತ್ತಿದ್ದಳು. ನಾನು ಹೋಗುತ್ತಿರಲಿಲ್ಲ, ಯಾಕೆಂದರೆ ಊಟ ಮುಗಿದ ಮೇಲೆ ಆಟ ಇರುತ್ತಿತ್ತು. ಅಪ್ಪ ಎದ್ದು ನಿಂತು ಯಾರದೋ ನಡಿಗೆ ನಡೆಯುವುದು, ಕೆಮ್ಮು ಕೆಮ್ಮುವುದು. ಅದು ಯಾರೆಂದು ನಾನು ಹೇಳುವುದು. ಮೂಡಿಗೆರೆ ಬಸ್ ಸ್ಟ್ಯಾಂಡಿನ ಜೀಪಿನವರು, ಕಾಫಿ ಕುಯ್ಲಿನ ಮೇಸ್ತ್ರಿ, ನಮ್ಮ ಆಸ್ಪತ್ರೆಯ ಕಾಂಪೌಂಡರು, ಎಲ್ಲರೂ ನಮ್ಮ ಹಿಂದಿನ ಕೋಣೆಗೆ ಬಂದು ಹೋಗುತ್ತಿದ್ದರು. ನಾನು ಒಮ್ಮೆಯೂ ತಪ್ಪುತ್ತಿರಲಿಲ್ಲ. ಕ್ಷಯದ ಮಾತ್ರೆಗೆಂದು ಬರುವ ಎಸ್ಟೇಟಿನ ಕೂಲಿ ಲೈನಿನ ಹೆಂಗಸೊಬ್ಬಳ ಕೆಮ್ಮನ್ನು, ಕೆಮ್ಮಿದ ಮೇಲೆ ಸೆರಗಿನಲ್ಲಿ ನೋಡಿಕೊಳ್ಳುವ ರೀತಿಯನ್ನು ಅವನು ಮಾಡಿ ತೋರಿಸಿದ ದಿನ ನಾನು ನೆಲಕ್ಕೆ ಬಿದ್ದು ನಕ್ಕಿದ್ದೆ. ಅಮ್ಮ ಜಗಲಿಯಿಂದಲೇ ಹೇಳಿದಳು:

"ಅದು ನನ್ನ ಪೇಶೆಂಟು ಕಣ್ರಿ. ನಿಮ್ಗೆ ಆಡಿಕೊಳ್ಳೋಕೆ ಆಯಮ್ಮನ ಕೆಮ್ಮೇ ಬೇಕಾಗಿತ್ತಾ?"

"ಆಡಿಕೊಳ್ಳೋದಲ್ಲ ಮಾರಾಯ್ತಿ, ಕಲಿಯೋದು. ಅದ್ರಲ್ಲಿ ಎಷ್ಟು ನಾಚಿಕೆ ಇದೆ ನೋಡು."

"ನಾಚಿಕೆ ಇರೋದು ಅವ್ಳಿಗೆ."

ಆಗ ನಾನು ಅಪ್ಪನ ಪಕ್ಷ. ನಕ್ಕವಳು ನಾನು ಎನ್ನುವುದನ್ನು ಇಲ್ಲಿ ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಬೇರೆಯವರ ಕೆಮ್ಮು ನಮ್ಮ ಮನೆಗೆ ಬಂದಾಗ ನನಗೆ ಏನೂ ಅನಿಸಲಿಲ್ಲ.

ನನಗೆ ತೊದಲಿತ್ತು. ಈಗಲೂ ಇದೆ, ಆಗಿನಷ್ಟಿಲ್ಲ. ಪ, ಬ, ಮ, ತುಟಿ ಕೂಡಿಸಿ ಹೇಳುವ ಅಕ್ಷರ ಮಾತಿನ ಮೊದಲಿಗೆ ಬಂದರೆ ತುಟಿ ಮುಚ್ಚಿದ್ದು ತೆರೆಯುತ್ತಲೇ ಇರಲಿಲ್ಲ. ಅಂಥ ನನಗೆ ಪದ್ಮಿನಿ ಎಂದು ಹೆಸರಿಟ್ಟಿದ್ದರು. ಸಿಕ್ಕಿಬಿದ್ದಾಗ ಎಡಗಿವಿಯ ಹಾಲೆಯನ್ನು ಹಿಡಿದು ಕೆಳಕ್ಕೆ ಎಳೆದರೆ ಕೆಲವು ಸಲ ಮಾತು ಹೊರಗೆ ಬರುತ್ತಿತ್ತು. ಬಾರದಿದ್ದರೆ ಆ ಮಾತನ್ನೇ ಬಿಟ್ಟು ಸುತ್ತು ದಾರಿ ಹಿಡಿಯುತ್ತಿದ್ದೆ. ಬಸ್ಸು ಎನ್ನಲಾಗದಿದ್ದರೆ 'ಟಿಕೆಟ್ ಕೊಡೋ ಗಾಡಿ', ಪೆನ್ಸಿಲ್ ಎನ್ನಲಾಗದಿದ್ದರೆ 'ಕೆತ್ತಿ ಕೆತ್ತಿ ಗೀಚೋದು'. ಈ ಉಪಾಯ ಶಾಲೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ನಡೆಸಿಕೊಂಡಿದ್ದೆ. ಕಡಿಮೆ ಮಾತಿನ ಹುಡುಗಿ ಎಂದು ಹೆಸರಾಗಿತ್ತು, ಅಷ್ಟೇ. ಸಿಕ್ಕಿಬಿದ್ದಾಗ ಅಮ್ಮ, ಆಯಾಗಳು, ಅಂಗಡಿಯವರು, ಎಲ್ಲರೂ ಕರುಣೆಯಿಂದ ನನ್ನ ಮಾತನ್ನು ತಾವೇ ಮುಗಿಸಿಬಿಡುತ್ತಿದ್ದರು. ಅಪ್ಪ ಒಬ್ಬನೇ ಕಾಯುತ್ತಿದ್ದವನು. ಸಂಜೆ ಆಸ್ಪತ್ರೆಯ ಹಿಂದಿನ ಮೆಟ್ಟಿಲ ಮೇಲೆ ನನ್ನನ್ನು ಎದುರಿಗೆ ಕೂರಿಸಿಕೊಂಡು ಇವತ್ತು ಏನೇನಾಯಿತು ಹೇಳು ಎನ್ನುತ್ತಿದ್ದ. ಎಷ್ಟು ಹೊತ್ತಾದರೂ ನಡುವೆ ಬಾಯಿ ಹಾಕುತ್ತಿರಲಿಲ್ಲ, ನನ್ನ ತುಟಿಯನ್ನೇ ನೋಡುತ್ತ ಕೂರುತ್ತಿದ್ದ. ಒಂದು ದಿನ ಬೆಕ್ಕು ಹಾಲು ಕುಡಿದ ಸುದ್ದಿ ಹೇಳಬೇಕಿತ್ತು.

"ಬೆ... ಬೆ... ಆ ಇಲಿ ಹಿಡಿಯೋದು, ಅಪ್ಪ. ಇಲಿ ಹಿಡಿಯೋದು ಹಾಲು ಕುಡೀತು."

ಅಪ್ಪ ನಗಲಿಲ್ಲ. ನನ್ನ ಮೊಣಕಾಲು ಮುಟ್ಟಿ, "ಇನ್ನೊಂದ್ಸಲ ಹೇಳು ಮಗಾ, ನಿಧಾನ ಹೇಳು" ಎಂದ. ಹೇಳಿದೆ. ಮತ್ತೆ ಹೇಳಿಸಿದ. ಮೂರು ಸಲ ಹೇಳಿದೆ, ಹಿಗ್ಗಿನಿಂದ ಹೇಳಿದೆ. ನನ್ನ ಮಾತನ್ನು ಮೂರು ಸಲ ಕೇಳಲು ಬಯಸುವ ಮನುಷ್ಯ ಈ ಲೋಕದಲ್ಲಿ ಒಬ್ಬನಿದ್ದಾನೆ ಎಂದುಕೊಂಡೆ. ಆ ಉಪಾಯವನ್ನೂ ಅವನಿಗೆ ಬಿಡಿಸಿ ಹೇಳಿದೆ, ಕಿವಿ ಎಳೆಯುವುದು ಯಾಕೆ, ಯಾವ ಅಕ್ಷರಕ್ಕೆ ಯಾವ ಸುತ್ತು ದಾರಿ ಎಂದು. ಅಮ್ಮನಿಗೂ ಹೇಳದಿದ್ದದ್ದನ್ನು ಅವನಿಗೆ ಹೇಳಿದೆ.

ಮರುವರ್ಷ ಒಂದು ಧಾರಾವಾಹಿ ಶುರುವಾಯಿತು. ಅದರಲ್ಲಿ ಅಪ್ಪನದು ದೊಡ್ಡ ಮನೆಯೊಂದರ ಅಡಿಗೆಯವನ ಪಾತ್ರ, ಹೆಸರು ಮಂಜಣ್ಣ. ನಮ್ಮ ಸಾಲಿನಲ್ಲಿ ಬಣ್ಣದ ಟಿವಿ ಇದ್ದದ್ದು ನಮ್ಮ ಮನೆಯಲ್ಲೇ ಆದ್ದರಿಂದ ಆ ಸಂಜೆ ಕಾಂಪೌಂಡರು, ಅವರ ಹೆಂಡತಿ, ಡಾಕ್ಟರ ಮಕ್ಕಳು, ಇಬ್ಬರು ಆಯಾಗಳು, ಎಲ್ಲರೂ ನಮ್ಮ ಮುಂದಿನ ಕೋಣೆಯಲ್ಲಿ ಚಾಪೆ ಹಾಕಿ ಕೂತರು. ಅಪ್ಪ ಬೆಂಗಳೂರಿನಲ್ಲಿದ್ದ. ಮಂಜಣ್ಣ ಅಡಿಗೆಮನೆಯಿಂದ ಓಡಿಬಂದ, ಯಜಮಾನಿತಿಯ ಮುಂದೆ ನಿಂತ, ಬಾಯಿ ತೆರೆಯಲು ಹೋದ, ತುಟಿ ಕೂಡಿಕೊಂಡಿತು. ಎಡಗೈ ಮೆಲ್ಲನೆ ಮೇಲೆ ಹೋಗಿ ಕಿವಿಯ ಹಾಲೆಯನ್ನು ಹಿಡಿಯಿತು.

"ಬೆ... ಬೆ... ಆ ಇಲಿ ಹಿಡಿಯೋದು ಅಮ್ಮಾವ್ರೆ, ಇಲಿ ಹಿಡಿಯೋದು ಹಾಲು ಕುಡೀತು."

ಕೋಣೆಯಲ್ಲಿ ನಗೆ ಎದ್ದಿತು. ಡಾಕ್ಟರ ಸಣ್ಣ ಮಗ ಚಾಪೆಯ ಮೇಲೆ ಹೊರಳಾಡಿದ. ಕಾಂಪೌಂಡರ ಹೆಂಡತಿ ನಗುತ್ತ ನಗುತ್ತ ನನ್ನ ಕಡೆ ತಿರುಗಿದವರು ತಟ್ಟನೆ ನಗು ನಿಲ್ಲಿಸಿ, ಬಾಯಿಗೆ ಸೆರಗು ಒತ್ತಿಕೊಂಡರು. ಅವರ ಕಣ್ಣು ನನ್ನ ಕಿವಿಯ ಮೇಲಿತ್ತು. ಆಗ ನೋಡಿಕೊಂಡೆ, ನನ್ನ ಎಡಗೈ ಅಲ್ಲೇ ಇತ್ತು. ಯಾರೋ ನನ್ನ ಬಟ್ಟೆಯನ್ನು ಬಿಚ್ಚಿ ತಾವು ಉಟ್ಟುಕೊಂಡು ಕುಣಿಯುತ್ತಿದ್ದಾರೆ ಅನಿಸಿತು. ಅಮ್ಮ ಎದ್ದು ಹೊರಗೆ ಹೋದಳು. ಒಂದು ನಿಮಿಷದಲ್ಲಿ ಟಿವಿ ಆರಿತು, ದೀಪವೂ ಹೋಯಿತು. ಬಾಗಿಲಲ್ಲಿ ಅಮ್ಮನ ದನಿ:

"ಕರೆಂಟು ಹೋಯ್ತು. ಇನ್ನು ಬರೋ ಹಾಗೆ ಕಾಣಲ್ಲ, ಎಲ್ಲಾ ಮನೆಗೆ ಹೋಗಿ."

ಎಲ್ಲರೂ ತಡವರಿಸಿಕೊಂಡು ಹೊರಟರು. ಎದುರಿಗೆ ಡಾಕ್ಟರ ಮನೆಯಲ್ಲಿ ದೀಪ ಉರಿಯುತ್ತಲೇ ಇತ್ತು. ಅದನ್ನು ಎಲ್ಲರೂ ನೋಡಿಕೊಂಡೇ ಹೋದರು. ಅಮ್ಮನ ಕೈಯಲ್ಲಿ ಫ್ಯೂಸಿನ ಪಿಂಗಾಣಿ ಇತ್ತು. ಅದನ್ನು ಹಿಡಿದುಕೊಂಡೇ ನನ್ನ ಪಕ್ಕ ಕೂತಳು.

ಫ್ಯೂಸು ಕಿತ್ತರೆ ಒಂದು ಮನೆಯ ಟಿವಿ ಆರೀತು. ಮೂರು ವಾರ ಕಳೆಯುವಷ್ಟರಲ್ಲಿ ಮೂಡಿಗೆರೆಯ ಬಸ್ ಸ್ಟ್ಯಾಂಡಿನಲ್ಲಿ, ಕಾಫಿ ಕುಯ್ಯುವ ಆಳುಗಳ ನಡುವೆ, ಶಾಲೆಯ ನಲ್ಲಿಯ ಹತ್ತಿರ, ಎಲ್ಲ ಕಡೆ ಜನ ಕಿವಿ ಎಳೆದುಕೊಂಡು ಇಲಿ ಹಿಡಿಯೋದು ಎನ್ನುತ್ತಿದ್ದರು. ನನ್ನ ಸುತ್ತು ದಾರಿಗಳೆಲ್ಲ ಒಂದೊಂದಾಗಿ ಮಂಜಣ್ಣನ ಬಾಯಿಗೆ ಬಂದವು. ಗುರುವಾರ ಟಿವಿಯಲ್ಲಿ ಬಂದದ್ದನ್ನು ಶುಕ್ರವಾರ ನಾನು ಬಳಸುವ ಹಾಗಿರಲಿಲ್ಲ, ಬಳಸಿದರೆ ತರಗತಿಯೇ ಎದ್ದು ನಗುತ್ತಿತ್ತು. ಹೀಗೆ ದಾರಿಗಳು ಮುಗಿಯುತ್ತ ಮುಗಿಯುತ್ತ ನಾನು ಮಾತಾಡುವುದನ್ನೇ ಬಿಟ್ಟೆ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದೆ. ಮನೆಯಲ್ಲಿ ಹಸಿವಾದರೆ ತಟ್ಟೆ ಎತ್ತಿ ತೋರಿಸುತ್ತಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಯಾರಿಗೆ ಕೊಡುವುದು?

ಎರಡು ತಿಂಗಳು ಬೆಂಗಳೂರಿನಲ್ಲೇ ಉಳಿದಿದ್ದ ಅಪ್ಪ ಆ ಸಲ ಮನೆಗೆ ಬಂದಾಗ ಒಂದು ಸುತ್ತು ದೊಡ್ಡವನಾಗಿದ್ದ. ಬಸ್ಸಿನಲ್ಲಿ ಕಂಡಕ್ಟರ್ ಎದ್ದು ಸೀಟು ಕೊಟ್ಟನಂತೆ, ಕೊಟ್ಟಿಗೆಹಾರದಲ್ಲಿ ಹೋಟೆಲಿನವರು ಒಳಗಿನಿಂದ ಹೆಂಗಸರನ್ನು ಕರೆದು ತೋರಿಸಿದರಂತೆ. ಅಮ್ಮ ಅವನಿಗೆ ಕಾಫಿಯನ್ನೂ ಕೊಡದೆ ಶುರುಮಾಡಿದಳು.

"ಆ ಮಗು ಬಾಯಿ ಮುಚ್ಚಿ ಒಂದು ತಿಂಗಳಾಯ್ತು. ನಿಮ್ಮನ್ನ ಎಂಥ ಮನುಷ್ಯರು ಅಂತ ಕರೀಬೇಕು ನಾನು?"

"ನಾನೇನು ಹೀಯಾಳಿಸಿ ಮಾಡಿದ್ದೀನಾ? ಪ್ರೀತಿಯಿಂದ ಮಾಡಿದ್ದೀನಿ ಕಣೇ. ಜನ ಮಂಜಣ್ಣನ ಮೇಲೆ ಪ್ರಾಣ ಇಟ್ಟಿದ್ದಾರೆ."

"ಮಂಜಣ್ಣನ ಮೇಲೆ ತಾನೆ. ಇವ್ಳ ಮೇಲಲ್ಲ."

"ಹತ್ತು ವರ್ಷ ಹೆಣ ಆಗಿ ಮಲಗಿದ್ದೀನಿ. ಒಬ್ರಾದ್ರೂ ಹೆಸರು ಹಿಡಿದು ಕರೆದಿದ್ರಾ? ಈಗ ಕರೀತಾರೆ."

ಆ ಮಾತು ನಟನೆಯಲ್ಲ. ಆಮೇಲೆ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದ:

"ನಿಂಗೆ ಬೇಜಾರಾ ಮಗಾ? ಹೂಂ ಅನ್ನು, ನಾಳೇನೇ ಡೈರೆಕ್ಟ್ರಿಗೆ ಹೇಳಿ ಬಿಡ್ತೀನಿ."

ಹೂಂ ಎಂದರೆ ಸಾಕಾಗಿತ್ತು. ನನಗೆ ಹೂಂ ಸಾಲದೆನಿಸಿತು. ಬೇಜಾರು ಎನ್ನುವ ಮಾತನ್ನೇ ಅವನ ಮುಖಕ್ಕೆ ಹೇಳಬೇಕೆನಿಸಿತು. ತುಟಿ ಕೂಡಿಸಿದೆ, ತೆರೆಯಲಿಲ್ಲ. ಕುತ್ತಿಗೆಯ ನರ ಉಬ್ಬಿತು, ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅಪ್ಪ ಎಂದಿನಂತೆ ಕಾಯುತ್ತಿದ್ದ. ಆಗ ಕಂಡೆ: ಅವನ ತುಟಿಯೂ ನನ್ನ ಜೊತೆ ಕೂಡಿಕೊಂಡಿತ್ತು, ಅವನ ಕಣ್ಣೊಂದು ಸಣ್ಣಗೆ ಮುಚ್ಚಿಕೊಳ್ಳುತ್ತಿತ್ತು. ಅವನಿಗೇ ಅದು ತಿಳಿದಿರಲಿಲ್ಲವೇನೋ. ನನ್ನ ಅಪ್ಪ ಎನ್ನುವವನು ಆ ಮುಖದ ಹಿಂದೆ ಎಲ್ಲೂ ಇರಲಿಲ್ಲ. ಅಸಹ್ಯವೆಂದರೆ ಏನು ಎಂದು ನನಗೆ ಗೊತ್ತಾದದ್ದು ಅವತ್ತು. ನಾನು "ಇಲ್ಲ" ಎಂದೆ. ಇಲ್ಲ ಎನ್ನುವ ಮಾತು ಯಾವ ತೊಂದರೆಯೂ ಇಲ್ಲದೆ ಹೊರಗೆ ಬಂತು. ಅಪ್ಪ ಅಮ್ಮನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಕೈ ತಿರುಗಿಸಿದ.

ಆ ವರ್ಷ ಕುಯ್ಲು ಮುಗಿದ ಮೇಲೆ ಮೂಡಿಗೆರೆಯ ಕೆಲವರು ಸೇರಿ ಅಪ್ಪನಿಗೆ ಸನ್ಮಾನ ಇಟ್ಟುಕೊಂಡರು, ಒಂದು ಭಾನುವಾರ ಮಧ್ಯಾಹ್ನ, ಕಲ್ಯಾಣ ಮಂಟಪದಲ್ಲಿ. ಮನೆಯವರೂ ವೇದಿಕೆಗೆ ಬರಬೇಕು, ಮಗಳು ತಂದೆಯ ಬಗ್ಗೆ ಎರಡು ಮಾತಾಡಬೇಕು ಎಂದು ಹೇಳಿ ಕಳಿಸಿದರು. ಅಮ್ಮ ಆಗುವುದೇ ಇಲ್ಲ ಎಂದಳು. ನಾನು ಆಗುತ್ತದೆ ಎಂದು ತಲೆ ಆಡಿಸಿದೆ. ಅಮ್ಮ ನನ್ನ ಮುಖವನ್ನೇ ನೋಡಿದಳು. ಅಲ್ಲಿ ಸೇರುವ ಜನರಿಗೆ ಆ ತೊದಲು ನನ್ನದೆಂದು ಗೊತ್ತಿರಲಿಲ್ಲ, ನಮ್ಮೂರಿನವರಿಗೆ ಮಾತ್ರ ಗೊತ್ತಿತ್ತು. ಗೊತ್ತುಮಾಡಿದರೆ ನಿಲ್ಲಿಸುತ್ತಾರೆ ಎಂದು ನಂಬಿದ್ದೆ. ಒಂದು ಹುಡುಗಿಯ ಕಷ್ಟಕ್ಕೆ ನಗುತ್ತಿದ್ದೇವೆ ಎಂದು ತಿಳಿದರೆ ಯಾರು ತಾನೆ ನಕ್ಕಾರು? ಒಂದು ವಾರ ಕೂತು ಮೂರು ವಾಕ್ಯ ಮಾಡಿದೆ. ಒಂದು ಮಾತೂ ಪ, ಬ, ಮ ದಿಂದ ಶುರುವಾಗದ ಹಾಗೆ ಹೆಣೆದೆ. 'ನೀವು ಟಿವಿಯಲ್ಲಿ ನೋಡಿ ನಗುವ ತೊದಲು ನಟನೆ ಅಲ್ಲ. ಅದು ನನ್ನದು. ಅಪ್ಪ ನನ್ನನ್ನು ಕೇಳದೆ ಒಯ್ದಿದ್ದು.' ಹಿಂದಿನ ಕೋಣೆಯ ಬಾಗಿಲು ಹಾಕಿಕೊಂಡು ಹೇಳಿನೋಡಿದೆ, ಎಲ್ಲೂ ಸಿಕ್ಕಿಬೀಳಲಿಲ್ಲ.

ಮಂಟಪ ಕಿಕ್ಕಿರಿದಿತ್ತು. ಅಪ್ಪನಿಗೆ ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಅವನು ಕೈಮುಗಿದು ಕೂತಿದ್ದ, ಆ ವಿನಯವನ್ನು ಅವನು ಯಾವ ಎಸ್ಟೇಟಿನ ಧಣಿಯಿಂದ ಎತ್ತಿಕೊಂಡಿದ್ದನೆಂದು ನನಗೆ ಗೊತ್ತಿತ್ತು. ನಿರೂಪಣೆ ಮಾಡುತ್ತಿದ್ದ ಮೇಷ್ಟರು ನನ್ನನ್ನು ಮೈಕಿನ ಮುಂದೆ ನಿಲ್ಲಿಸಿ, ಎತ್ತರ ತಗ್ಗಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಬಗ್ಗಿ ಮೈಕಿನಲ್ಲೇ ಹೇಳಿದರು:

"ಮೊದ್ಲು ನಿನ್ನ ಹೆಸರು ಹೇಳಿ ಶುರು ಮಾಡಮ್ಮ."

ಒಂದು ವಾರದ ನನ್ನ ಲೆಕ್ಕದಲ್ಲಿ ಅದೊಂದು ಇರಲಿಲ್ಲ. "ಪ..." ಎಂದೆ. ತುಟಿ ಕೂಡಿಕೊಂಡಿತು. ಮೈಕಿನಲ್ಲಿ ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಎಡಗೈ ಮೇಲೆ ಹೋಗುತ್ತಿದೆ ಎಂದು ಗೊತ್ತಾಯಿತು, ತಡೆಯಲಾಗಲಿಲ್ಲ, ಅದು ಹೋಗಿ ಕಿವಿ ಹಿಡಿಯಿತು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಸಿಳ್ಳೆ ಹಾಕಿದರು, ಇಡೀ ಸಭೆ ಚಪ್ಪಾಳೆ ತಟ್ಟಿತು. ಮಂಜಣ್ಣನ ಮಗಳು ಮಂಜಣ್ಣನನ್ನು ಮಾಡಿ ತೋರಿಸುತ್ತಿದ್ದಾಳೆ ಎಂದುಕೊಂಡರು. ನಾನು ಬಿಡಲಿಲ್ಲ. ಹೆಸರು ಬಿಟ್ಟು ನನ್ನ ಮೂರು ವಾಕ್ಯಕ್ಕೆ ಹೋದೆ. ಎಂದೂ ಸಿಕ್ಕಿಬೀಳದ ನ ಅಕ್ಷರವೂ ಅವತ್ತು ಸಿಕ್ಕಿಬಿತ್ತು. "ನ... ನಟನೆ ಅಲ್ಲ" ಎಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದು ನ... ನನ್ನದು" ಎಂದಾಗ ಮುಂದಿನ ಸಾಲಿನ ದೊಡ್ಡ ಮನುಷ್ಯರೊಬ್ಬರು ಕಣ್ಣೊರೆಸಿಕೊಂಡರು, ನಕ್ಕು ನಕ್ಕು ಬಂದ ನೀರು. ಮೇಷ್ಟರು ಇನ್ನೊಂದು ಮೈಕಿನಲ್ಲಿ, "ನೂಲಿನಂತೆ ಸೀರೆ ಅಂತಾರೆ, ಇಲ್ಲಿ ಅಪ್ಪನಂತೆ ಮಗಳು" ಎಂದರು.

ನಾನು ಅಪ್ಪನ ಕಡೆ ತಿರುಗಿದೆ. ಆ ಸಭೆಯಲ್ಲಿ ಇದು ನಟನೆಯಲ್ಲ ಎಂದು ಎದ್ದು ಹೇಳಬಹುದಾಗಿದ್ದವನು ಅವನು. ಅವನು ಎದ್ದ. ಪೇಟ ಸರಿಮಾಡಿಕೊಂಡು ನನ್ನ ಪಕ್ಕಕ್ಕೆ ಬಂದ. ನನ್ನ ಮೂರನೆಯ ವಾಕ್ಯ ಇನ್ನೂ ಬಾಯಲ್ಲೇ ಇತ್ತು. ಅವನು ತನ್ನ ಎಡಗಿವಿಯನ್ನು ಹಿಡಿದು ಎಳೆದು, ಮೈಕಿಗೆ ಬಾಯಿಟ್ಟು ಹೇಳಿದ:

"ನಂ... ನಂ... ನಂಗೂ ಸ್ವಲ್ಪ ಉಳ್ಸು ತಾಯಿ."

ಜನ ಎದ್ದು ನಿಂತರು. ಅಪ್ಪ ತನ್ನ ಶಾಲು ತೆಗೆದು ನನಗೆ ಹೊದಿಸಿದ, ಫೋಟೋದವನು ಬಂದು ಹತ್ತಿರ ನಿಲ್ಲಿ ಎಂದ. ಕೆಳಗೆ ಅಮ್ಮ ಒಬ್ಬಳೇ ಕೂತಿದ್ದಳು, ಎರಡೂ ಕೈ ಮಡಿಲಲ್ಲಿತ್ತು. ಮೂರನೆಯ ವಾಕ್ಯವನ್ನು ನಾನು ಹೇಳಲಿಲ್ಲ.

ಊರಿಗೆ ಮರಳುವಾಗ ಇನ್ನೂ ಬಿಸಿಲಿತ್ತು. ಸಂಘಟಕರು ಜೀಪು ಕೊಟ್ಟಿದ್ದರು. ಅಮ್ಮ ಮುಂದೆ ಡ್ರೈವರ ಪಕ್ಕ ಕೂತು, ಹಿಂದೆ ತಿರುಗಿ ನೋಡಲಿಲ್ಲ. ಹಿಂದೆ ನಾನು, ಅಪ್ಪ, ನಡುವೆ ಹಣ್ಣಿನ ಬುಟ್ಟಿ. ಊರು ದಾಟಿದ ಮೇಲೆ ಅಪ್ಪ ಬುಟ್ಟಿಯನ್ನು ಕಾಲ ಹತ್ತಿರ ಇಳಿಸಿ, ನನ್ನ ಹತ್ತಿರಕ್ಕೆ ಸರಿದು ಕೂತ. ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ. ಅವನ ಕಣ್ಣು ತುಂಬಿತ್ತು. ಡ್ರೈವರಿಗೆ ಕೇಳದ ಹಾಗೆ ಹೇಳಿದ:

"ಹೆದರ್ಬೇಡ ಮಗಾ. ಯಾರಿಗೂ ಗೊತ್ತಾಗ್ಲಿಲ್ಲ. ನಾನು ಸುಧಾರಿಸ್ದೆ."

ಅವನು ನಿಜವಾಗಿಯೂ ಹಾಗೇ ನಂಬಿದ್ದ, ನನ್ನ ಮಾನ ಕಾಪಾಡಿದೆ ಎಂದು. ನಾನು ಕೈ ಬಿಡಿಸಿಕೊಂಡು, ಅವನು ನೋಡುತ್ತಿರುವಂತೆಯೇ, ಲಂಗಕ್ಕೆ ಒರೆಸಿಕೊಂಡೆ.